ತೂಕದ ಮನೆಯಲ್ಲಿ ದಿಲ್‌ರುಬಾ

ಸಾಗರ ರಸ್ತೆಯ ಲಾರಿ ಕಾಟಾದಲ್ಲಿ ನನ್ನದು ರಾತ್ರಿ ಪಾಳಿ.
ಖಾಲಿ ಬಂದಾಗ ಒಂದು ಚೀಟಿ, ತುಂಬಿ ಬಂದಾಗ ಒಂದು,
ನಡುವಿನ ವ್ಯತ್ಯಾಸಕ್ಕೆ ನನ್ನ ಸಹಿ.
ಹತ್ತು ಕಿಲೋಗಿಂತ ಕಡಿಮೆಯದು
ಈ ಕಾಟಾದ ಕಣ್ಣಿಗೆ ಬೀಳುವುದಿಲ್ಲ.
ಹಾಗಾಗಿ ಅದೆಷ್ಟು ತೂಗುತ್ತದೋ
ಇವತ್ತಿಗೂ ಹೇಳಲಾರೆ.

ಟರ್ಬೊ ರಿಪೇರಿಯ ಜಸ್ಮೇರ್ ಸಿಂಗ್ ಅಂಗಡಿ ಮುಚ್ಚಿ
ಮನೆಯನ್ನೇ ಲಾರಿಗೆ ಹೇರಿಕೊಂಡು ಹೊರಟ ದಿನ
ಕ್ಯಾಬಿನ್ನಿನಿಂದ ಇಳಿದು ಬಂದಳು ಸತ್ವಂತ್ ಕೌರ್.
ಹಳದಿ ಪಗಡಿಯ ಬಟ್ಟೆಯಲ್ಲಿ ಸುತ್ತಿದ್ದು,
ನಿದ್ದೆಹೋದ ಮಗುವಿನಷ್ಟು ಉದ್ದ.
"ನಮ್ಮ ಮಾವನದು. ನುಡಿಸುವವರಿಲ್ಲ.
ಇದೇನು ಅಂತ ಆವತ್ತು ಕೇಳಿದ್ದೆಯಲ್ಲ?"
ಕೇಳಿದ್ದು ಒಂದೇ ಸಲ.
ಕೇಳಿದ ತಪ್ಪಿಗೆ ನಾಲ್ಕು ದೊಡ್ಡ ತಂತಿ,
ಅದರಡಿ ಯಾರೂ ಮುಟ್ಟಬಾರದ ಹದಿನೈದು ಸಣ್ಣವು,
ಹತ್ತೊಂಬತ್ತು ಹಿತ್ತಾಳೆ ಮೆಟ್ಟು, ಒಂದು ಕಮಾನು.

ಮೊದಲ ತಿಂಗಳು ಸದ್ದೇ ಇಲ್ಲ.
ಬೆಣ್ಣೆಯ ಮೇಲೆ ಕೂದಲೆಳೆದ ಹಾಗೆ.
ದುರ್ಗಿಗುಡಿಯ ಪಿಟೀಲು ಟೀಚರು ಮೂಸಿ ನೋಡಿ
"ರಾಳವನ್ನೇ ಹಚ್ಚಿಲ್ಲವಲ್ಲೇ" ಎಂದು ನಕ್ಕರು,
ಅರ್ಧ ಬಿಲ್ಲೆ ಕೊಟ್ಟರು, "ಇದಕ್ಕೆ ನನ್ನ ಕೈ ಬಗ್ಗದು" ಎಂದರು.
ಅದು ಮುಗಿದಾಗ ನನ್ನ ಬುದ್ಧಿಗೆ
ಗ್ರಂಥಿಗೆ ಅಂಗಡಿಯ ಹಾಲ್ಮಡ್ಡಿ ಹೊಳೆಯಿತು.
ಮೆತ್ತಿದೆ. ಮೂರು ದಿನ ಕಮಾನು ಸ್ವರ ಬಿಟ್ಟು
ಇರುವೆ ಹಿಡಿಯಿತು.

ಶ್ರುತಿಗೆ ಯಾರನ್ನು ಕೇಳಲಿ?
ಹಿಂದಿನ ಟ್ರಾನ್ಸ್‌ಫಾರ್ಮರು ರಾತ್ರಿಯಿಡೀ ಗುಂಯ್ ಅನ್ನುತ್ತದೆ,
ಅದೇ ನನ್ನ ಷಡ್ಜ.
ಹದಿನೈದು ಬಿರಡೆಯನ್ನೂ ಅದರತ್ತಲೇ ತಿರುಗಿಸಿದೆ.
ಕರೆಂಟು ಹೋದರೆ ಸಂಗೀತಕ್ಕೂ ರಜೆ.

ಸಕ್ಕರೆ ಲಾರಿಯ ಉಜಾಗರ್ ಸಿಂಗ್ ಬೀದರಿನವನು.
ಕಿಟಕಿಗೆ ಚೀಟಿ ಕೇಳಲು ಬಂದು ಕೈ ಹಿಂದೆಗೆದ.
"ಇದೇನ್ ಹಿಡ್ಕೊಂಡ್ ಕುಂತೀರಿ ಅಕ್ಕೋರ?
ನಂಗ ಬಾರ್ಸ್ಲಿಕ್ಕಿ ಬರಲ್ರಿ. ಖರೆ, ಝೀರಾದಾಗ
ದಿನಾ ಮುಂಜಾನಿ ಕೇಳಿ ಬೆಳ್ದೀನಿ.
ತಪ್ಪಿದ್ರ ಗೊತ್ತಾಗ್ತದ."

ಎಳೆದೆ. "ಅಲ್ಲ."
ಮತ್ತೆ ಎಳೆದೆ. "ಅಲ್ರಿ."
ಗಂಟಲಲ್ಲೇ ತನ್ನ ಊರಿನ ಷಡ್ಜ ತೋರಿಸಿದ,
ಬೆಳಗಿನವರೆಗೆ ಕೂತು ಎಲ್ಲ ಬಿರಡೆ ಏರಿಸಿದೆ.
ಆವತ್ತು ಅವನಿಗೆ ನೆಗಡಿ.
ಆ ನೆಗಡಿ ನನ್ನ ಶ್ರುತಿಯಲ್ಲಿ ಇನ್ನೂ ವಾಸಿಯಾಗಿಲ್ಲ.

ಇನ್ನೊಂದು ರಾತ್ರಿ, ಆರನೆಯ "ಅಲ್ಲ" ಆದ ಮೇಲೆ
ಸಿಟ್ಟಿನಿಂದಲೇ ಕೇಳಿದ:
"ಲಾರಿ ಹತ್ತಿದ ಕೂಡ್ಲೇ ಚೀಟಿ ಹರೀತೀರೇನು?
ನಂಬರ್ ನಿಂದ್ರೂತನಕ ಕಾಯ್ತೀರಿಲ್ಲೋ?"

ಕಾದೆ.
ಬೆರಳನ್ನು ಮೆಟ್ಟಿನ ಮೇಲಿಟ್ಟು,
ಕೆಂಪು ಅಂಕಿ ಮೇಲೆ ಕೆಳಗೆ ತುಯ್ದು ತುಯ್ದು
ಒಂದು ಕಡೆ ಕೂರುವ ಹಾಗೆ
ಸ್ವರ ಕೂರುವ ತನಕ.
ಆಗ ಕೆಳಗೆ, ನಾನು ಮುಟ್ಟದೇ ಇದ್ದ ತಂತಿಗಳಲ್ಲಿ
ಯಾವುದೋ ಒಂದು ಓಗೊಟ್ಟಿತು,
ಪಕ್ಕದ ಮನೆಯವರು ಗೋಡೆಯಾಚೆಯಿಂದ
"ಹ್ಞಾಂ, ಎದ್ದಿದ್ದೇವೆ" ಅಂದಂತೆ.

ಉಜಾಗರ್ ಸಿಂಗ್ ಹೌದು ಅನ್ನಲಿಲ್ಲ.
ಅಲ್ಲ ಅನ್ನುವುದನ್ನು ನಿಲ್ಲಿಸಿದ, ಅಷ್ಟೆ.
ಹಿಂದೆ ಶಿಕಾರಿಪುರದ ಜೋಳದ ಲಾರಿ ಹಾರ್ನು ಬಡಿಯುತ್ತಿತ್ತು.

ಎರಡು ವರ್ಷ, ಏಳು ಪಾಠ.
ಎಲ್ಲ ಕೂಡಿಸಿದರೆ ಒಂದು ಗಂಟೆಯೂ ಆಗದು.

ಈಗ ಎರಡೂ ಮುಕ್ಕಾಲು, ರಸ್ತೆ ಖಾಲಿ.
ಅದನ್ನು ಎಡಹೆಗಲಿಗೆ ಆನಿಸಿಕೊಂಡು
ತೂಕದ ತಟ್ಟೆಯ ಮಧ್ಯೆ ನಿಂತು ನೋಡಿದೆ: ಐವತ್ತು.
ಒಳಗಿಟ್ಟು ಬಂದು ನಿಂತೆ: ಐವತ್ತು.
ಚೀಟಿ ಹರಿದೆ. 'ಸರಕು' ಎಂಬಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಮೂರನೆಯ ತಂತಿ ಕಡಿದು ಇವತ್ತಿಗೆ ಒಂಬತ್ತು ದಿನ.
ಬೀದರಿನಿಂದ ತರುತ್ತೇನೆ ಅಂದಿದ್ದಾನೆ,
ಲೋಡು ಸಿಕ್ಕರೆ.