ಕಂಬ ಸಂಖ್ಯೆ ೧೧೭೪

ಫೆಬ್ರವರಿಯ ಎರಡನೇ ಮಂಗಳವಾರ, ಸಂಜೆ ಏಳು.
ಆಚೆ ಸುಪೀರಿಯರ್ ಸರೋವರದ ಕೊಲ್ಲಿ ಹೆಪ್ಪುಗಟ್ಟಿ ಬಿದ್ದಿದೆ.
ಒಳಗೆ, ಪುರಭವನದಲ್ಲಿ, ಹೀಟರ್ ಒಂದೇ ಸಮ ಗೊಣಗುತ್ತದೆ.
ಹಾಜರಿ: ಮೇಯರ್, ಐವರು ಸದಸ್ಯರು,
ಒದ್ದೆ ಬೂಟುಗಳ ಹದಿನಾಲ್ಕು ಜನ,
ಮತ್ತು ನಾನು. ನನ್ನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ,
ನಡಾವಳಿ ಬರೆಯುವ ಕೈಗೆ ಹಾಜರಿ ಇಲ್ಲ.

ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದೇನೆ.
"ಚರ್ಚಿಸಲಾಯಿತು" ಎಂದರೆ ಜಗಳವಾಯಿತು.
"ದೀರ್ಘವಾಗಿ ಚರ್ಚಿಸಲಾಯಿತು" ಎಂದರೆ
ಯಾರೋ ಕುರ್ಚಿ ಒದ್ದು ಹೊರಟುಹೋದರು.
"ಪರಿಶೀಲನೆಗೆ ತೆಗೆದುಕೊಳ್ಳಲಾಗಿದೆ"
ಇದರ ಅರ್ಥ ಮಾತ್ರ ನನಗಿನ್ನೂ ಗೊತ್ತಾಗಿಲ್ಲ.

ಮೊದಲು ಐಲಿ ಕಂಗಾಸ್, ವಯಸ್ಸು ಎಂಬತ್ತೊಂದು.
ಮುರಿದ ಅಂಚೆಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದೇ ಬಂದಿದ್ದಾಳೆ,
ಹಿಮ ತಳ್ಳುವ ಲಾರಿ ಮೂರನೇ ಸಲ ಕೆಡವಿದ್ದು.
ಮೇಜಿನ ಮೇಲೆ ಇಟ್ಟಳು, ಸತ್ತ ಕೋಳಿಯನ್ನು ಇಟ್ಟ ಹಾಗೆ.
"ಇದರೊಳಗೆ ಕರೆಂಟ್ ಬಿಲ್ ಇದೆ. ನೀವೇ ಕಟ್ಟಿ."
ಕೊಟ್ಟ ಮೂರು ನಿಮಿಷದಲ್ಲಿ ಎರಡೂವರೆ ಉಳಿಸಿ ಕೂತಳು.

ಆಮೇಲೆ ಒಬ್ಬ ಹುಡುಗಿ. ಮೈಕನ್ನು ಬಗ್ಗಿಸಬೇಕಾಯಿತು.
ಹೆಸರು, ವಿಳಾಸ ಹೇಳಬೇಕೆಂಬುದು ನಿಯಮ:
ಡೀಡ್ರಾ ಲಫೆರ್ನಿಯರ್, ಟ್ಯಾಮರಾಕ್ ಬೀದಿ, ನಲವತ್ತಮೂರು.
"ಮನೆಯಿಂದ ಸ್ಕೂಲ್ ಬಸ್ಸಿಗೆ ಇನ್ನೂರ ಹನ್ನೆರಡು ಹೆಜ್ಜೆ.
ಅದರಲ್ಲಿ ನೂರ ನಲವತ್ತು ಕತ್ತಲೆ.
ಬೆಳಿಗ್ಗೆ ಆರೂ ನಲವತ್ತಕ್ಕೆ ನನ್ನ ತಮ್ಮ ಕೈ ಬಿಡುವುದಿಲ್ಲ,
ಎಳೆದೂ ಎಳೆದೂ ಕೈಗವಸು ತೂತಾಗಿದೆ."
ತೂತಿನಲ್ಲಿ ಬೆರಳು ತೂರಿಸಿ ತೋರಿಸಿದಳು.

ಕಂಬ ನಗರದ್ದು ಎನ್ನುತ್ತದೆ ಕಂಪನಿ,
ಕಂಪನಿಯದು ಎನ್ನುತ್ತದೆ ನಗರ.
ಸದಸ್ಯ ಓಸ್ಟರ್‌ಹೌಟ್ ಗಂಟಲು ಸರಿಮಾಡಿಕೊಂಡು
"ಆಗಬೇಕಾದದ್ದು ಆಗಬಾರದೆಂದು ನಾವು ಹೇಳುತ್ತಿಲ್ಲ" ಎಂದ.
ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು.
ಅಡ್ಡಗೋಡೆಗೆ ಇಡುವಷ್ಟು ದೀಪ ನಮ್ಮಲ್ಲಿದೆ,
ಬೀದಿಗೆ ಸಾಲದು.

ಹಿಂದಿನ ವಾರವೇ ನಾನು ನೆಲಮಾಳಿಗೆಗೆ ಇಳಿದಿದ್ದೆ.
ಇಲಿ ಕಡಿದ ಕಡತ, ನನಗಿಂತ ಮುಂಚಿನವಳ ದುಂಡು ಅಕ್ಷರ:
"ಕಂಬ ೧೧೭೪. ಬೆಳಕು ಮಲಗುವ ಕೋಣೆಗೆ ಬೀಳುವುದರಿಂದ,
ಶ್ರೀ ರಾಲೋ ಪೆನ್ಹೇಲ್ ಅವರ ಕೋರಿಕೆಯಂತೆ,
ಶ್ರೀಮತಿ ಪೆನ್ಹೇಲ್ ಗುಣಮುಖರಾಗುವವರೆಗೆ
ದೀಪ ಆರಿಸತಕ್ಕದ್ದು. ಸರ್ವಾನುಮತ."
ಇಸವಿ ಸಾವಿರದ ಒಂಬೈನೂರ ತೊಂಬತ್ತೆಂಟು.
ಆಕೆ ಆ ವಸಂತ ಕಾಣಲಿಲ್ಲ.
ಠರಾವಿಗೆ ಸುದ್ದಿ ಮುಟ್ಟಿಸಿದವರಿಲ್ಲ.
ಆಕೆ ಗುಣವಾಗುವುದನ್ನು ಅದು ಇವತ್ತಿಗೂ ಕಾಯುತ್ತಿದೆ.

ಪೆನ್ಹೇಲ್ ಮೂರನೇ ಸಾಲಿನಲ್ಲೇ ಇದ್ದ.
ಪ್ರತಿ ತಿಂಗಳೂ ಬರುತ್ತಾನೆ, ಪಾರ್ಕಿಂಗ್ ದಂಡವನ್ನು ಬೈಯಲು.
ಹಾಳೆಯನ್ನು ಮೇಯರ್ ಕಡೆ ಸರಿಸಬಹುದಿತ್ತು.
ಬಿಡುವಿನಲ್ಲಿ ಅವನ ತೊಡೆಯ ಮೇಲೆ ಇಟ್ಟು ಬಂದೆ.

ಓದಿದ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಓದಿದ.
ಸರದಿಯಿಲ್ಲದೆ, ಹೆಸರು ವಿಳಾಸ ಹೇಳದೆ, ಎದ್ದು ನಿಂತು
"ಹೊತ್ತಿಸಿ" ಎಂದ.
ಸ್ವಲ್ಪ ಹೊತ್ತಾದ ಮೇಲೆ, ಯಾರಿಗೂ ಅಲ್ಲ,
"ಒಂದು ಪರದೆ ಕೊಳ್ಳಬಹುದಿತ್ತು ನಾನು, ಆಗಲೇ."

ನಾನು ಬರೆದೆ: "ಅರ್ಜಿದಾರರು ಕೋರಿಕೆಯನ್ನು ಹಿಂತೆಗೆದುಕೊಂಡರು.
ಪರ ಐದು. ವಿರೋಧ ಇಲ್ಲ. ಚರ್ಚೆ ಇಲ್ಲ."
ಪರದೆ ನಡಾವಳಿಯಲ್ಲಿ ಇಲ್ಲ.

ಬಿಡಿಭಾಗ ಟೊಲೀಡೋದಿಂದ ಬರಬೇಕಿತ್ತು.
ಬಂದದ್ದು ಜೂನ್ ಮೊದಲ ವಾರ.
ಆರೂ ನಲವತ್ತಕ್ಕೆ ಸೂರ್ಯ ಆಗಲೇ ಚಿಮಣಿಗಳ ಮೇಲೆ,
ಆರಿಸುವ ಟೈಮರ್ ಇನ್ನೂ ಜೋಡಿಸಿಲ್ಲ,
ಹಾಡುಹಗಲೇ ಉರಿಯುತ್ತಿದೆ ಕಂಬ.
ಕೆಳಗೆ ಆ ಹುಡುಗಿ ತಲೆಯೆತ್ತಿ ನೋಡುತ್ತಾಳೆ,
ತಮ್ಮ ಎಷ್ಟೋ ಮುಂದೆ ಓಡುತ್ತಿದ್ದಾನೆ.

ಐಲಿಯ ಅಂಚೆಪೆಟ್ಟಿಗೆ ಪರಿಶೀಲನೆಯಲ್ಲಿದೆ.
ಅಂದರೆ, ನನ್ನ ಮೇಜಿನ ಕೆಳಗಿದೆ.
ಕರೆಂಟ್ ಬಿಲ್ ನಾನೇ ಕಟ್ಟಿದೆ.
ಅದನ್ನೂ ಬರೆದಿಲ್ಲ.