ಪಾರ್ಟ್ ಬಿ

ಮಂಗಳವಾರ ಒಂಬತ್ತಕ್ಕೆ ಬಾಗಿಲು ತೆಗೆಯುತ್ತೇನೆ.
ಸುಬಿಕ್ ಕೊಲ್ಲಿಗೆ ಬೆನ್ನು ಹಾಕಿ ಕೂತ ಕೋಣೆ,
ಕೆಳಗೆ ಟೈರಿನ ಅಂಗಡಿ. ಒಳಗೆ ಒಂದು ಫ್ಯಾನು,
ಎರಡು ಬಾವುಟ, ಒಂದು ಸ್ಟೇಪ್ಲರು.
ಸಂಬಳವಿಲ್ಲ. ಕಾಫಿ ನನ್ನದೇ ಖರ್ಚು.
ಮೆಟ್ಟಿಲ ಮೇಲೆ ಆಗಲೇ ಕೆಮ್ಮು:
ಮಂಡಿ ಸವೆದ ತೋಪಿನವರು,
ಕಿವಿ ಹೋದ ಎಂಜಿನ್ ಕೋಣೆಯವರು,
ಗಂಡನ ಪಿಂಚಣಿ ಕಾಗದ ಎದೆಗವಚಿಕೊಂಡ ವಿಧವೆಯರು.

ನಾನು ಅನಾಕ್ಲೆತೊ ಫೊಂತಾನಿಲ್ಯಾ.
ಹುಟ್ಟಿದ್ದು ಸಾನ್ ನಾರ್ಸಿಸೊ, ಇಲ್ಲಿಂದ ಬಸ್ಸಿನ ದಾರಿ.
ಹತ್ತೊಂಬತ್ತರಲ್ಲಿ ಅಮೆರಿಕದ ಹಡಗು ಹತ್ತಿ
ಇಪ್ಪತ್ತೆರಡು ವರ್ಷ ಅಧಿಕಾರಿಗಳ ಮೇಜಿಗೆ ಬಡಿಸಿದೆ.
ಅಲೆ ಎಷ್ಟೆದ್ದರೂ ಸೂಪು ತುಳುಕಿಸದ ಕೈ ಎಂದು
ಸರ್ಟಿಫಿಕೇಟೂ ಇದೆ, ಗೆದ್ದಲು ಅಂಚು ತಿಂದಿದೆ.
ಮುಗಿಸಿ ಊರಿಗೆ ಬಂದೆ. ಅಮ್ಮನ ಬಾವಿ, ಅದೇ ಕಲ್ಲು.
ಅವರ ಕಾಗದದಲ್ಲಿ ಮಾತ್ರ ನಾನು
'ಹೊರದೇಶದಲ್ಲಿ ವಾಸ.'

ಬಂದವರಿಗೆಲ್ಲ ಒಂದೇ ಪಾಠ:
ಅರವತ್ತೈದಕ್ಕೆ ಪಾರ್ಟ್ ಬಿ ತಗೊಳ್ಳಿ,
ತಿಂಗಳು ತಿಂಗಳು ಕಂತು ಕಟ್ಟಿ.
ಇಲ್ಲಿ ಅದು ಒಂದು ಮಾತ್ರೆಗೂ ಆಗುವುದಿಲ್ಲ,
ಸಮುದ್ರ ದಾಟಿದರೆ ಅದಕ್ಕೆ ಜೀವವಿಲ್ಲ.
ಆದರೂ ಕಟ್ಟಿ. ಕಟ್ಟಿದವರಿಗಷ್ಟೇ
ಸೇನೆಯ ವಿಮೆ, ಇಲ್ಲಿ ನಡೆಯುವಂಥದ್ದು.
ಬಾರದ ಬಸ್ಸಿಗೆ ಟಿಕೆಟ್ಟು ಕೊಂಡರೇ
ಬರುವ ಬಸ್ಸು ಹತ್ತಿಸಿಕೊಳ್ಳುವುದು.
ನಗಬೇಡಿ. ನಾನೂ ನಕ್ಕಿದ್ದೆ.

ಲೊವೆಲ್ ಟ್ರಾಸ್ಕ್ ಇನ್ನೂ ಜೋರಾಗಿ ನಕ್ಕ.
"ಬಾರದ ಬಸ್ಸಿಗೆ ನಾನ್ಯಾಕೆ ದುಡ್ಡು ಸುರೀಲಿ, ಕ್ಲೆತೊ?"
ಆ ದುಡ್ಡಲ್ಲಿ ದೋಣಿ ಕೊಂಡ.
ಸುಳ್ಳು ಯಾಕೆ, ಚೆನ್ನಾಗಿತ್ತು ದೋಣಿ,
ನೀಲಿ ಬಣ್ಣ, ಎರಡೂ ಮಗ್ಗುಲಿಗೆ ಬಿದಿರ ರೆಕ್ಕೆ,
ಮೂತಿಯ ಮೇಲೆ ಹೆಂಡತಿಯ ಹೆಸರು: ರೆಮೆಡಿಯೋಸ್.
ಸ್ಪೇನಿನವರು ಬಿಟ್ಟುಹೋದ ಹೆಸರು, ಮದ್ದುಗಳು ಎಂದರ್ಥ.
ಒಂಬತ್ತು ವರ್ಷ ಅವನು ಹಿಡಿದ ಮೀನು
ನಮ್ಮ ಮನೆಯಲ್ಲೂ ಬೆಂದಿದೆ.

ಹತ್ತನೆಯ ವರ್ಷ ಏಪ್ರಿಲ್ಲಿನ ಮಧ್ಯಾಹ್ನ
ಎದೆ ಹಿಡಿದುಕೊಂಡಿತು.

ಆಸ್ಪತ್ರೆಯವರು ಒಳ್ಳೆಯವರೇ,
ಠೇವಣಿ ಎಷ್ಟೆಂದು ಮೆಲುದನಿಯಲ್ಲೇ ಹೇಳಿದರು.
ಗುರುವಾರ ದೋಣಿ ಹೋಯಿತು, ಶನಿವಾರ ಮೋಟಾರ್ ಸೈಕಲ್ಲು,
ಆಮೇಲೆ ಅವಳ ಅಣ್ಣನ ಎಮ್ಮೆ.
ಕೊಂಡವನು ಹೆಸರು ಅಳಿಸಲಿಲ್ಲ, ಬಣ್ಣ ದುಬಾರಿ.
ಈಗಲೂ ಬೆಳಿಗ್ಗೆ ಹಿಂದಿನ ಕಿಟಕಿಗೆ ಹೋಗಿ ನಿಂತರೆ
ಯಾರದೋ ಬಲೆ ಹೊತ್ತು ಮದ್ದು ಹೊರಡುತ್ತದೆ.

ಇವತ್ತು ರೆಮೆಡಿಯೋಸ್ ಬಂದಿದ್ದಾಳೆ,
ಬಿಸ್ಕತ್ತಿನ ಡಬ್ಬಿಯ ತುಂಬ ರಶೀದಿ.
ಇವುಗಳಿಂದ ಏನೂ ಹುಟ್ಟುವುದಿಲ್ಲ ಎಂದು
ಹೇಳುವ ಮೊದಲು ಕಾಫಿ ಬಗ್ಗಿಸಿದೆ.
ಈಗ ಸೇರಬಹುದಾ? ಸೇರಬಹುದು.
ತಡಮಾಡಿದ ಒಂದೊಂದು ವರ್ಷಕ್ಕೂ
ನೂರಕ್ಕೆ ಹತ್ತು ಹೆಚ್ಚು, ಬದುಕಿರುವ ತನಕ.
ಅದೂ ಜನವರಿಯಲ್ಲಿ ಕಿಟಕಿ ತೆರೆದಾಗ.
"ಇವರ ಎದೆ ಜನವರಿ ತನಕ ಕಾಯತ್ತಾ?" ಅಂದಳು.
ಫಾರಮ್ಮಿನಲ್ಲಿ ಅದಕ್ಕೆ ಚೌಕವಿಲ್ಲ.

ಹಿಂದೆ ಯಾರೋ ಇಲ್ಲದ ರೋಗಕ್ಕೆ ಬಿಲ್ಲು ಬರೆದರಂತೆ,
ಅಂದಿನಿಂದ ಇರುವ ರೋಗಕ್ಕೂ ಸಾಕ್ಷಿ ಕೇಳುತ್ತಾರೆ.
ಅವಳ ಡಬ್ಬಿಯನ್ನು ಆದರೂ ತಾರೀಖಿನ ಪ್ರಕಾರ ಜೋಡಿಸುತ್ತೇನೆ,
ಒಬ್ಬರ ರಶೀದಿ ಹಾಗೆ ಚದುರಿಬಿದ್ದಿರಬಾರದು.
ಹೆಸರು ಬರೆಯುವಾಗ ಕೈ ನಡುಗಿ
ಟ್ರಾಸ್ಕ್‌ನ ಬಾಲ ಗೆರೆ ದಾಟುತ್ತದೆ. ಸೂಪು ತುಳುಕಿಸದ ಕೈ.
ಅವಳು ನೋಡಿದಳು, ನೋಡದಂತೆ
ಫ್ಯಾನಿನ ಕಡೆ ತಿರುಗಿದಳು.

ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ, ಜನವರಿಗೆ ಶಾಯಿ.
ಡಬ್ಬಿ ಇಲ್ಲೇ ಇರಲಿ ಅಂದಳು,
ಮನೆಯಲ್ಲಿದ್ದರೆ ಅವರು ರಾತ್ರಿಯೆಲ್ಲ ಕೂಡುತ್ತಾ ಕೂರುತ್ತಾರೆ.

ಮುಂದಿನವರು ಬನ್ನಿ.
ಮೆಟ್ಟಿಲು ನೋಡಿಕೊಂಡು,
ಮೂರನೆಯದು ಅಲುಗಾಡುತ್ತೆ.