ಎದೆ ಸುತ್ತಳತೆ

ಬೊಮ್ಮನಹಳ್ಳಿ ಗಾರ್ಮೆಂಟ್ಸಿನಿಂದ
ಕೊರಳಲ್ಲೇ ಮರೆತು ತಂದ ಟೇಪು.
ನೂರೈವತ್ತು ಸೆಂಟಿಮೀಟರು, ತುದಿಯ ತಗಡು ಸವೆದದ್ದು,
ಯಾವ್ಯಾವುದೋ ದೇಶದ ಅಂಗಿಗಳ ಎದೆ ಅಳೆದು
ಬಿಳಿಚಿಕೊಂಡದ್ದು.

ದೊಡ್ಡ ಕೋಣದ ಎದೆಗೆ ಸಾಲಲಿಲ್ಲ.
ಇನ್ನೊಂದು ತಂದು ತುದಿಗೆ ತುದಿ ಹೊಲಿದೆ.
ಮಾವ ಚೌರಪ್ಪ ಬೀಡಿ ಕಚ್ಚಿಕೊಂಡೇ ನಕ್ಕರು:
"ಏನಮ್ಮ ಫಿಲೋಮಿನಾ, ಕೋಣಂಗೆ ಬ್ಲೌಸ್ ಹೊಲೀತೀಯಾ?"

ಬೇಗೂರು ಕೆರೆಯ ಹಿಂದೆ ತಗಡಿನ ಕೊಟ್ಟಿಗೆ.
ಹೊಸೂರು ರಸ್ತೆಗೆ ಮೇಲ್ಸೇತುವೆಯ ಕಂಬ ನೆಡುತ್ತಿದ್ದ ವರ್ಷ.
ಹನ್ನೊಂದು ಕೋಣಗರು,
ಹಾಲಿನವರು ಮೊಲೆ ಬಿಡಿಸಿ ರಸ್ತೆಗೆ ಅಟ್ಟಿದವು,
ಗಂಡಾಗಿ ಹುಟ್ಟಿದ್ದಕ್ಕೆ ಹೊಟ್ಟೆಗಿಲ್ಲದೆ ಸಾಯಬೇಕಿದ್ದವು.
ಸಾಕಿದೆವು. ಮಾರಲಿಕ್ಕೇ ಸಾಕಿದೆವು.
ಅದನ್ನು ಮುಚ್ಚಿಟ್ಟು ಬರೆಯಲಾರೆ.

ಫ್ಯಾಕ್ಟರಿಯಲ್ಲಿ ಗಂಟೆಗೊಮ್ಮೆ ಹಲಗೆಯ ಮೇಲೆ ಬರೆಯುತ್ತಾರೆ,
ಎಷ್ಟು ಕಾಲರು, ಎಷ್ಟು ತಪ್ಪು, ಯಾರ ಮಿಷನ್ನು.
ಕಂಡರೆ ಮೈ ಉರಿಯುತ್ತಿತ್ತು.
ಆದರೂ ಒಂದು ಭಾನುವಾರ ಪೂಜೆ ಮುಗಿಸಿ ಬಂದು
ಅಂಥದೇ ಹಲಗೆ ಕೊಟ್ಟಿಗೆಗೆ ನೇತುಹಾಕಿದೆ.

ಮೂರನೇ ತಿಂಗಳಿಗೂ ಏಳನೆಯದರ ಅಂಕಿ ಕದಲಲಿಲ್ಲ.
ನೂರಿಪ್ಪತ್ತಾರು. ನೂರಿಪ್ಪತ್ತಾರು. ನೂರಿಪ್ಪತ್ತಾರು.
"ಅದರ ಹಣೆಬರಹ" ಅಂದ ಗಂಡ ಇನ್ನಾಸಿ.
ಕಡ್ಡಿ ತಗೊಂಡು ಸಗಣಿ ಕೆದಕಿದೆ:
ಮಡಿವಾಳ ಮಾರುಕಟ್ಟೆಯ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡು,
ಅಕ್ಕಿಕಾಳಿನಂಥ ಹುಳ.

ಆಮೇಲೆ ಸೊಪ್ಪನ್ನು ನೆಲಕ್ಕೆ ಸುರಿಯಲಿಲ್ಲ.
ಅತ್ತೆ ಆರೋಗ್ಯಮ್ಮ ಮೊರದ ಮುಂದೆ ಕೂತು
ಕಲ್ಲಕ್ಕಿ ಆರಿಸುವಂತೆ ಕೋಸಿನೆಲೆ ಆರಿಸಿದರು, ಬಯ್ಯುತ್ತಲೇ.
ನೊರೆಯೇಳುವ ಕೆರೆನೀರು ಬಿಟ್ಟು ಬೋರಿನ ನೀರು.
ತೊಟ್ಟಿಗೆ ಸುಣ್ಣ.
ಚರ್ಚಿನ ಕ್ಯಾಲೆಂಡರಿನಲ್ಲಿ ಸಂತ ಅಂತೋಣಿಯ ಹಬ್ಬದ ಪಕ್ಕ
ಕೆಂಪು ಪೆನ್ನಲ್ಲಿ: ಹುಳದ ಔಷಧಿ.
ಸಣ್ಣವು ಒಂದು ಕಡೆ, ಗುದ್ದಾಡುವ ದೊಡ್ಡವು ಒಂದು ಕಡೆ,
ನಡುವೆ ಸೇತುವೆಯವರು ಬಿಸಾಕಿದ ಸೆಂಟ್ರಿಂಗ್ ಹಲಗೆ.

ಹೆಸರಿಡಬೇಡ ಎಂದಿದ್ದರು ಮಾವ.
ಇಡಲಿಲ್ಲ. ಏಳು ಅಂತಲೇ ಕರೆದೆ.
ಕರೆದರೆ ತಿರುಗಿ ನೋಡುತ್ತಿತ್ತು.

ಮರುವರ್ಷ ಕ್ರಿಸ್‌ಮಸ್ಸಿಗೆ ಮುಂಚೆ ದಲ್ಲಾಳಿ ಬಂದ.
ಟವೆಲ್ಲಿನ ಅಡಿ ಮಾವನ ಬೆರಳು ಹಿಡಿದು
ಎಂದಿನಂತೆ ಮಾತಿಲ್ಲದೆ ಬೆಲೆ ಒತ್ತಿದ.
ನಾನು ಪಶುವೈದ್ಯರ ಲೆಕ್ಕದ ಚೀಟಿ ತೆಗೆದು
ಹನ್ನೊಂದರದ್ದೂ ಜೋರಾಗಿ ಓದಿದೆ.
ಏಳು: ಮುನ್ನೂರ ಹದಿನೆಂಟು ಕೆಜಿ.
ಟವೆಲ್ಲಿನೊಳಗೆ ಬೆರಳು ಸ್ವಲ್ಪ ಹೊತ್ತು ಸುಮ್ಮನಿದ್ದವು.
ಆಮೇಲೆ ಟವೆಲ್ಲು ಹೆಗಲಿಗೆ ಹೋಯಿತು,
ಬೆಲೆ ಬಾಯಿಗೆ ಬಂತು.

ರಾತ್ರಿ ಮುದ್ದೆ ಮುರಿಯುತ್ತಾ ಮಾವ ಅಂದರು:
"ಬೆನ್ನ ಮೇಲೆ ಕೈಯಿಟ್ಟಾಗ ನಂಗೂ
ಮುನ್ನೂರ ಹದಿನೈದು ಅಂತ್ಲೇ ಬಂದಿತ್ತು.
ನಲವತ್ತು ವರ್ಷದಿಂದ ಸರಿಯಾಗೇ ಬರ್ತಿತ್ತು.
ಹೇಳಿದ್ರೆ ಯಾರ್ ನಂಬ್ತಾರೆ. ಕೈ ತಾನೇ."
ಸಾರು ಬಡಿಸಿದೆ. ಇನ್ನೇನು ಹೇಳಲಿ.

ಲಾರಿ ಹೋದ ಮೇಲೆ
ಏಳರ ಮುಂದೆ ಅಳತೆ ಬರೆಯುವ ಜಾಗದಲ್ಲಿ
ತಾರೀಖು ಬರೆದೆ.

ಸೋಮವಾರ ಹೊಲಿಗೆ ಬಿಚ್ಚಿ,
ಅರ್ಧ ಟೇಪು ಕೊರಳಿಗೆ ಹಾಕಿ ಕೆಲಸಕ್ಕೆ ಹೋದೆ.
ಹತ್ತು ಗಂಟೆಗೆ ಚೆಕಿಂಗಿನವಳು ಬಿಳಿ ಅಂಗಿಯೊಂದನ್ನು
ಟ್ಯೂಬ್‌ಲೈಟಿಗೆ ಹಿಡಿದಳು.
ಎದೆಯ ಮೇಲೆ ಗಿಡ್ಡ, ಒರಟು, ಕರಿ ಕೂದಲು.

ಹಲಗೆಗೆ ಬರೆದರು:
ತಪ್ಪು, ಒಂದು.